ಯಂತ್ರವಾದವರು ಮಾತಾಡಬಾರದು

ಗೇಟು ತೆರೆದಿತ್ತು. ಮನೆಯ ಬಾಗಿಲೂ ತೆರೆದಿತ್ತು. ಹೊರಗಿನ ದೀಪವನ್ನು ಹಗಲು ಹೊತ್ತಿನಲ್ಲೇ ಹಾಕಿಟ್ಟಿದ್ದರು — ಬರುವವರಿಗೆ ಮನೆಯ ಗುರುತು ಸಿಗಲೆಂದು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಕಾಲಿಗೆ ಶೂ, ಬಿಗಿಯಾಗಿ ಕಟ್ಟಿದ ಲೇಸು, ಪಕ್ಕದಲ್ಲೊಂದು ಕೈಚೀಲ. ಚೀಲದೊಳಗೆ ಒಂದು ಜೊತೆ ಬಟ್ಟೆ, ಟವೆಲ್ಲು, ಔಷಧಿಯ ಡಬ್ಬಿ. ಆಸ್ಪತ್ರೆಗೆ ಹೊರಟವರ ಸಿದ್ಧತೆಯೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮೇಷ್ಟ್ರ ಮೈ ಮಾತ್ರ ಆಗಲೇ ತಣ್ಣಗಾಗಿತ್ತು.

ದಫೇದಾರರು ಸಾವು ಕಾಣದವರಲ್ಲ. ನೇಣು, ನೀರು, ರಸ್ತೆ — ನೌಕರಿಯುದ್ದಕ್ಕೂ ಎಲ್ಲ ನೋಡಿ ಅವರ ಮನಸ್ಸು ಜಡ್ಡುಗಟ್ಟಿತ್ತು. ಆದರೂ ಅವರು ಆ ಲೇಸಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಎದೆ ಹಿಡಿದುಕೊಂಡು ಬಗ್ಗಿ ಲೇಸು ಕಟ್ಟಬೇಕಾದರೆ ಆ ಮುದುಕ ಎಷ್ಟು ಸಂಕಟಪಟ್ಟಿರಬೇಕು?

"ಲೈಬ್ರರಿಯಿಂದ ಬಂದೆ. ಅಪ್ಪ ಹೀಗೇ ಕೂತಿದ್ರು," ಎಂದಳು ಮಗಳು. ಅವಳ ಕಣ್ಣು ಒಣಗಿತ್ತು, ದನಿ ಗಟ್ಟಿಯಾಗಿತ್ತು. "ತೊಡೆ ಮೇಲೆ ಮೊಬೈಲಿತ್ತು. ನೋಡಿ."

ಇನ್ಸ್‌ಪೆಕ್ಟರ್ ಮೇಡಂ ಮೊಬೈಲನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ದಫೇದಾರರು ಆಕೆಯ ಹೆಗಲ ಮೇಲಿಂದ ಇಣುಕಿದರು. ಮೇಲೆ ಹಸಿರು ಪಟ್ಟಿ, ಬಿಳಿ ವ್ಯಾನಿನ ಚಿತ್ರ. ಅದರ ಕೆಳಗೆ ದಪ್ಪಕ್ಷರದಲ್ಲಿ ಒಂದೇ ಸಾಲು: *ವಾಹನ ನಿಮ್ಮ ಬೀದಿಯ ತಿರುವಿನಲ್ಲಿದೆ.* ತೀರಾ ತಳದಲ್ಲಿ ಮೂಲೆಯಿಂದ ಮೂಲೆಗೆ ಗೆರೆಯೆಳೆದು ಕಾಟು ಹಾಕಿದ ಒಂದು ಬೂದು ಚೌಕ. ಅಷ್ಟೇ.

"ತಿರುವಿಗೆ ಓಡಿಹೋಗಿ ನೋಡ್ದೆ ಮೇಡಂ," ಮಗಳು ಹೇಳಿದಳು. "ಅಲ್ಲಿ ಯಾವ ವ್ಯಾನೂ ಇಲ್ಲ. ಬಂದೇ ಇಲ್ಲ ಅಂತಾರೆ ಬೀದಿಯವರು."

ವೈದ್ಯರದು ಕಡ್ಡಿ ಮುರಿದಂಥ ಮಾತು: ಹೃದಯಾಘಾತ. ಹೊತ್ತಿಗೆ ಸರಿಯಾಗಿ ಕರೆತಂದಿದ್ದರೆ ಉಳಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಅಪರಾಧಿ ತಾನಾಗಿಯೇ ಠಾಣೆಗೆ ನಡೆದು ಬಂದಳು. ದಫೇದಾರರಿಗೆ ಆಗ ಅನ್ನಿಸಿದ್ದು ಹಾಗೆಯೇ.

ಕೆದರಿದ ಕೂದಲು, ಎದೆಗವಚಿಕೊಂಡ ಒಂದು ಫೈಲು. ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ವೆಬ್‌ಸೈಟುಗಳ ವಿನ್ಯಾಸ ಮಾಡುವ ಸಣ್ಣ ಕಚೇರಿಯೊಂದರಲ್ಲಿ ಕೆಲಸ.

"ನಾನೇ ಕೊಂದಿದ್ದು," ಎಂದಳು. ಕೂರಿ ಅಂದರೂ ಕೂರಲಿಲ್ಲ.

"ಹೇಗೆ?" ಎಂದರು ಇನ್ಸ್‌ಪೆಕ್ಟರ್.

"ಅವ್ರ ಮೊಬೈಲಲ್ಲಿ ಇದ್ದದ್ದು ನಿಜವಾದ ವೆಬ್‌ಸೈಟಲ್ಲ. ಮಾದರಿ. ಪ್ರೋಟೋಟೈಪ್ ಅಂತೀವಿ. ಆಂಬುಲೆನ್ಸ್ ಕಂಪನಿಗೆ ಅಂತ ಮಾಡ್ತಿದ್ವಿ. ಅದನ್ನ ಒತ್ತಿದ್ರೆ ಎಲ್ಲಿಗೂ ಕರೆ ಹೋಗಲ್ಲ, ಯಾವ ಗಾಡೀನೂ ಹೊರಡಲ್ಲ. ಬರೀ ಹೊರಟಿದೆ ಅಂತ ತೋರಿಸತ್ತೆ."

"ಅದು ಮೇಷ್ಟ್ರ ಕೈಗೆ ಹೇಗೆ ಬಂತು?"

"ನಾನೇ ಕೊಟ್ಟೆ. ಪರೀಕ್ಷೆ ಮಾಡೋಕೆ ವಯಸ್ಸಾದವರು ಬೇಕಿತ್ತು. ಮೇಷ್ಟ್ರು ಖುಷಿಯಿಂದ ಒಪ್ಪಿದ್ರು. ಎದೆ ನೋಯ್ತಿದೆ ಅಂದ್ಕೊಂಡು ಒತ್ತಿ ಸರ್, ಎಲ್ಲಿ ತೊಡಕಾಗತ್ತೆ ಹೇಳಿ ಅಂದಿದ್ದೆ. ಬಟನ್ ಸಣ್ಣದಾಯ್ತು, ಮುದುಕರ ಕೈ ನಡುಗತ್ತೆ ಕಣಮ್ಮ ಅಂತ ಬೈದು ದೊಡ್ಡದು ಮಾಡಿಸಿದ್ದು ಅವ್ರೇ." ಅವಳು ಫೈಲನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. "ಪರೀಕ್ಷೆ ಮುಗಿದ ಮೇಲೆ ಅಳಿಸಿ ಬರ್ಬೇಕಿತ್ತು. ಮರೆತೆ. ಇನ್ನೇನು ನಿಜವಾದದ್ದೇ ಬರತ್ತೆ ಸರ್ ಅಂತ ಬೇರೆ ಹೇಳಿ ಬಂದಿದ್ದೆ."

ದಫೇದಾರರು ಪೆನ್ನಿನ ಮುಚ್ಚಳ ತೆಗೆದರು. ಇನ್ನೇನು ಬೇಕು? ಸತ್ತವರ ಮಗಳು ಆಗಲೇ ದೂರು ಕೊಟ್ಟಿದ್ದಾಳೆ; ಅಪ್ಪನ ಮೊಬೈಲಿಗೆ ಅದನ್ನು ಹಾಕಿಕೊಟ್ಟ ಹುಡುಗಿಯನ್ನು ಒಳಗೆ ಹಾಕದೆ ಬಿಡಬೇಡಿ ಎಂದಿದ್ದಾಳೆ. ಮೇಲಿನವರದೂ ಅದೇ ಮಾತು: ನಾಳೆಯೊಳಗೆ ಬಂಧಿಸಿ, ಪತ್ರಿಕೆಯವರ ಬಾಯಿ ಮುಚ್ಚಿಸಿ.

ಆದರೆ ಇನ್ಸ್‌ಪೆಕ್ಟರ್ ಹುಡುಗಿಯನ್ನು ಸುಮ್ಮನೆ ನೋಡುತ್ತ ಕೂತರು. ಆಕೆಯ ರೀತಿಯೇ ಹಾಗೆ. ಉತ್ತರ ಬಂದ ಮೇಲೂ ಕಣ್ಣು ಕೀಳುವುದಿಲ್ಲ. ಎದುರಿನವರಿಗೆ ತಡೆಯಲಾಗದೆ ಇನ್ನೊಂದು ಮಾತು ಬಾಯಿಂದ ಬೀಳುತ್ತದೆ. ಆ ಇನ್ನೊಂದು ಮಾತಿಗಾಗಿಯೇ ಆಕೆ ಕಾಯುವುದು.

"ಅದನ್ನ ನೋಡಿ ಮೇಷ್ಟ್ರು ಹೇಗೆ ನಂಬಿದ್ರು ಅಂತಾನೇ ಅರ್ಥ ಆಗ್ತಿಲ್ಲ," ಎಂದಳು ಹುಡುಗಿ ಕೊನೆಗೆ. "ನಾನು ಬೇಕೂಂತ್ಲೇ ಕೊಳಕಾಗಿ ಮಾಡಿರ್ತೀನಿ."

"ಕೊಳಕಾಗಿ? ಯಾಕೆ?"

ಹುಡುಗಿ ಫೈಲಿನಿಂದ ಹಾಳೆಗಳನ್ನು ಹರಡಿದಳು. ಪೆನ್ಸಿಲ್ಲಿನ ಸೊಟ್ಟ ಗೆರೆಗಳು, ಖಾಲಿ ಪೆಟ್ಟಿಗೆಗಳು, ಅಲ್ಲೊಂದು ಇಲ್ಲೊಂದು ಬೂದು ಬಣ್ಣ.

"ಇದು ವೈರ್‌ಫ್ರೇಮ್. ಮನೆ ಕಟ್ಟೋಕೆ ಮುಂಚೆ ನೆಲದ ಮೇಲೆ ಸುಣ್ಣದ ಗೆರೆ ಹಾಕ್ತಾರಲ್ಲ ಮೇಡಂ — ಇಲ್ಲಿ ಅಡುಗೆಮನೆ, ಇಲ್ಲಿ ಬಾಗಿಲು ಅಂತ — ಹಾಗೆ. ಇದನ್ನೇ ಕಂಪ್ಯೂಟರಿಗೆ ಹಾಕಿ, ಒತ್ತಿದ್ರೆ ಪುಟ ಬದಲಾಗೋ ಹಾಗೆ ಮಾಡಿದ್ರೆ ಪ್ರೋಟೋಟೈಪ್. ಎರಡಕ್ಕೂ ಬಣ್ಣ ಹಚ್ಚಬಾರ್ದು. ಚೆನ್ನಾಗಿ ಕಂಡ್ರೆ ಜನ ಮುಗಿದಿದೆ ಅಂದ್ಕೊಳ್ತಾರೆ. ನಂಬಿಬಿಡ್ತಾರೆ."

"ಅದು ಸರಿ, ಹೀಗೆ ಚೌಕ ಎಳೆದು ಕಾಟು ಯಾಕಮ್ಮ ಹಾಕಿದ್ದೀಯ? ತಪ್ಪಾಯ್ತಾ?" ದಫೇದಾರರು ಕೇಳಿದರು.

"ಅಲ್ಲ ಸರ್. ಕಾಟು ಹಾಕಿದ ಚೌಕ ಅಂದ್ರೆ ಮುಂದೆ ಅಲ್ಲಿ ಒಂದು ಚಿತ್ರ ಬರತ್ತೆ ಅಂತ. ನಮ್ಮ ಕೆಲಸದಲ್ಲಿ ಎಲ್ಲರೂ ಹೀಗೇ ಹಾಕೋದು. ಇಲ್ನೋಡಿ, ಮೇಲಿರೋ ಚೌಕದಲ್ಲಿ ವ್ಯಾನಿನ ಚಿತ್ರ ಬರ್ಬೇಕು. ಕೆಳಗೆ ಕಾಟಿಲ್ಲದ ಪೆಟ್ಟಿಗೆ ಇದ್ಯಲ್ಲ, 'ಏನಾದರೂ ಹೇಳಬೇಕೇ?' ಅಂತ — ಅದು ಒತ್ತಿದವರು ಬರೆಯೋ ಜಾಗ."

"ಒತ್ತಿದ್ರೆ ಏನು ಬರತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದೇ ಪುಟ. 'ವಾಹನ ಹೊರಟಿದೆ.' ಅಲ್ಲಿಗೆ ನಿಲ್ಲತ್ತೆ. ಮುಂದಿನ ಪುಟಗಳೂ ಇವೆ, ಆದ್ರೆ ತಾವಾಗಿ ಬರಲ್ಲ. ಅದಕ್ಕೆಲ್ಲ ನಿಜವಾದ ಪ್ರೋಗ್ರಾಂ ಬರೀಬೇಕು, ತಿಂಗಳುಗಟ್ಟಲೆ ಹಿಡಿಯತ್ತೆ. ಪರೀಕ್ಷೆ ಹೊತ್ತಿಗೆ ಯಾರಾದ್ರೂ ಒಬ್ರು ಇನ್ನೊಂದು ಕಡೆ ಕೂತು ಕೈಯಲ್ಲಿ ಒಂದೊಂದೇ ಪುಟ ತಳ್ತೀವಿ. ಅವರಿಗೆ 'ಯಂತ್ರ' ಅಂತೀವಿ. ಯಂತ್ರವಾದವರು ಮಾತಾಡಬಾರದು ಅಂತ ಒಂದು ನಿಯಮ. ಒತ್ತಿದವರಿಗೆ ಹಿಂದೆ ಮನುಷ್ಯ ಇದ್ದಾನೆ ಅಂತ ಗೊತ್ತಾಗ್ಬಾರ್ದು ನೋಡಿ."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಊರಾಚೆ ವೃದ್ಧಾಶ್ರಮದಲ್ಲಿ. ಕಾಗದದ ಮಾದರಿ ಹಿಡ್ಕೊಂಡು ಅಜ್ಜಿಯರ ಜೊತೆ ಕೂತಿದ್ದೆ. ಸಂಜೆವರೆಗೂ." ಅವಳು ಮುಖ ಮುಚ್ಚಿಕೊಂಡಳು. "ಅಲ್ಲಿ ಕೂತು ನಾನು ನಗ್ತಿದ್ದೆ ಮೇಡಂ. ಇಲ್ಲಿ ಅವ್ರು..."

"ಮೇಷ್ಟ್ರ ಮೊಬೈಲಲ್ಲಿದ್ದದ್ದೂ ಇದೇ ಬೂದು ಬಣ್ಣದ್ದೇ ತಾನೇ?"

"ಇದೇ. ಇನ್ಯಾವುದೂ ಇಲ್ವಲ್ಲ."

ದಫೇದಾರರು ಹಸಿರು ಪಟ್ಟಿಯ ಮಾತೆತ್ತಲು ಬಾಯಿ ತೆರೆದರು. ಇನ್ಸ್‌ಪೆಕ್ಟರ್ ಅವರ ಕಡೆ ಒಮ್ಮೆ ನೋಡಿದರು. ದಫೇದಾರರು ನಾಲಿಗೆ ಕಚ್ಚಿಕೊಂಡರು.

ವಿನ್ಯಾಸದ ಕಚೇರಿ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ದಫೇದಾರರು ಮೊಣಕಾಲಿಗೆ ಶಾಪ ಹಾಕುತ್ತ ಹತ್ತಿದರು. ಒಳಗೆ ಗೋಡೆಯ ತುಂಬ ಹಳದಿ ಚೀಟಿಗಳು. ಗಾಜಿನ ಕೋಣೆಯೊಂದರಲ್ಲಿ ಉದ್ದನೆಯ ಮೇಜು, ಅದರೆದುರು ಗೋಡೆಯಗಲದ ಪರದೆ.

ಕಚೇರಿಯ ಒಡೆಯನನ್ನು ಎಲ್ಲರೂ ಬಾಸ್ ಎನ್ನುತ್ತಿದ್ದರು. ಮಾತು ಬೆಣ್ಣೆಯಂಥದ್ದು. ಅಂಗಿಯ ತೋಳು ಮಡಿಸಿ, ತಲೆ ತಗ್ಗಿಸಿ ಅವನು ಸಂತಾಪ ಹೇಳಿದ.

"ಒಳ್ಳೇ ಹುಡುಗಿ ಮೇಡಂ. ಪ್ರತಿಭೆ ಇದೆ. ಸ್ವಲ್ಪ ಮರೆವು. ಪರೀಕ್ಷೆ ಆದ್ಮೇಲೆ ಅಳಿಸ್ಬೇಕು ಅಂತ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ. ಅವಳಿಗೆ ಏನಾದ್ರೂ ಕಾನೂನಿನ ಸಹಾಯ ಬೇಕಾದ್ರೆ ಖರ್ಚೆಲ್ಲ ನಮ್ಮದೇ."

"ನಿನ್ನೆ ಮಧ್ಯಾಹ್ನ ನೀವು?"

"ಈ ಕೋಣೇಲೇ. ಆಂಬುಲೆನ್ಸ್ ಕಂಪನಿ ಯಜಮಾನಿ ಬಂದಿದ್ರು. ಕೆಲಸ ತೋರಿಸ್ದೆ. ಒಪ್ಪಂದಕ್ಕೆ ಸಹಿ ಹಾಕಿ ಹೋದ್ರು. ಬೇಕಾದ್ರೆ ಕೇಳಿ."

"ಮೇಷ್ಟ್ರು ಒತ್ತಿದ್ದು ಇಲ್ಲಿ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಯಾರಾದ್ರೂ ಯಂತ್ರವಾಗಿ ಕೂತಿದ್ರೆ ಗೊತ್ತಾಗ್ತಿತ್ತು. ನಿನ್ನೆ ಪರೀಕ್ಷೇನೇ ಇರ್ಲಿಲ್ಲ. ಯಾರು ಕೂರ್ತಾರೆ?"

ಇನ್ನೊಬ್ಬನಿದ್ದ. ಪ್ರೋಗ್ರಾಂ ಬರೆಯುವವನು. ಕಿವಿಯ ಮೇಲೆ ದೊಡ್ಡ ಹೆಡ್‌ಫೋನು, ಮುಖದ ಮೇಲೆ ಪ್ರಪಂಚದ ಮೇಲಿನ ಸಿಟ್ಟು. ಮೂರು ಸಲ ಕರೆದ ಮೇಲೆ ತಿರುಗಿದ. ದಫೇದಾರರಿಗೆ ನೋಡಿದ ಕೂಡಲೇ ಅನುಮಾನ ಬಂತು.

"ನಿಮಗೂ ಆ ಹುಡುಗಿಗೂ ಆಗಲ್ವಂತೆ?" ಇನ್ಸ್‌ಪೆಕ್ಟರ್ ನೇರವಾಗಿ ಕೇಳಿದರು.

"ಆಗಲ್ಲ. ಅವಳು ಗೆರೆ ಎಳೀತಾ ಕೂರ್ತಾಳೆ, ಹರಿದು ಹಾಕ್ತಾಳೆ, ಮತ್ತೆ ಎಳೀತಾಳೆ. ನನಗೆ ಕೆಲಸ ಶುರು ಮಾಡೋಕೇ ಬಿಡಲ್ಲ. ಇಷ್ಟು ಹೊತ್ತಿಗೆ ಅರ್ಧ ಮುಗಿಸಿರ್ತಿದ್ದೆ."

"ಅಂದ್ರೆ ನಿಜವಾದ ವೆಬ್‌ಸೈಟ್ ಇನ್ನೂ ಶುರುವೇ ಆಗಿಲ್ಲ?"

"ಒಂದು ಸಾಲೂ ಬರೆದಿಲ್ಲ."

ಇನ್ಸ್‌ಪೆಕ್ಟರ್ ಅವನನ್ನು ನೋಡುತ್ತ ನಿಂತರು. ಅವನು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಬಣ್ಣ ಹಚ್ಚಿದ್ದು ನಾನು," ಎಂದ ಇದ್ದಕ್ಕಿದ್ದಂತೆ. "ನಿನ್ನೆ ಬೆಳಿಗ್ಗೆ. ಅವಳ ಮಾದರಿಗೇ. ಇಲ್ಲಿ ಬದಲಿಸಿದ್ರೆ ಅದು ತೆರೆದಿರೋ ಎಲ್ಲ ಮೊಬೈಲಲ್ಲೂ, ಗೋಡೆ ಪರದೇಲೂ ಹಾಗೇ ಬದಲಾಗತ್ತೆ. ಸ್ವಲ್ಪ ಕಣ್ಣಿಗೆ ಬೀಳೋ ಹಾಗೆ ಮಾಡು ಅಂದ್ರು ಬಾಸ್. ಅವಳಿಗೆ ಗೊತ್ತಾದ್ರೆ ಕುಣಿದಾಡ್ತಾಳೆ ಅಂತ ಅವಳು ಹೊರಗೆ ಹೋದ ಮೇಲೆ ಮಾಡಿದ್ದು. ಅದು ತಪ್ಪಾ?"

"ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ. ಇದೇ ಕುರ್ಚಿ. ಯಾರೂ ನೋಡಿಲ್ಲ ಬಿಡಿ."

ಮೆಟ್ಟಿಲಿಳಿಯುವಾಗ ದಫೇದಾರರು ಪಿಸುಗುಟ್ಟಿದರು: "ಮೇಡಂ, ಇವನೇ. ಹೊಟ್ಟೆಕಿಚ್ಚಿಗೆ ಬಣ್ಣ ಬಳಿದು ಮುದುಕರನ್ನ ನಂಬಿಸಿದ್ದಾನೆ."

"ಬಣ್ಣದಿಂದ ಮೇಷ್ಟ್ರು ನಂಬಿದ್ರು. ಅದು ಸರಿ," ಎಂದರು ಇನ್ಸ್‌ಪೆಕ್ಟರ್. "ಆದ್ರೆ ಬಣ್ಣದಿಂದ ಸಾಯಲಿಲ್ಲ, ದಫೇದಾರ್ರೇ."

ಮೇಷ್ಟ್ರ ಮನೆಯೆದುರು ಒಬ್ಬ ದರ್ಜಿಯ ಅಂಗಡಿ. ಹಿಂದಿನ ದಿನ ಅವನ ಹೇಳಿಕೆಯನ್ನು ದಫೇದಾರರು ಎರಡೇ ಸಾಲಿನಲ್ಲಿ ಮುಗಿಸಿದ್ದರು: ವ್ಯಾನು ಬರಲಿಲ್ಲ, ತಾನು ನೋಡಲಿಲ್ಲ. ಇನ್ಸ್‌ಪೆಕ್ಟರ್ ಈಗ ಅವನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಮೇಷ್ಟ್ರು ನಿಮ್ಮ ಜೊತೆ ಏನಾದ್ರೂ ಮಾತಾಡಿದ್ರಾ?"

"ಮಾತು ಅಂತೇನಿಲ್ಲಮ್ಮ. ಬಾಗಿಲಿಗೆ ಬಂದು ನಿಂತ್ರು. ಮುಖ ಬೆವತಿತ್ತು. ಏನ್ ಸಾರ್ ಅಂದೆ. ಎದೆ ಹಿಡ್ಕೊಂಡಂಗಿದೆ ಅಂದ್ರು. ಬನ್ನಿ, ಸ್ಕೂಟರಲ್ಲಿ ಬಿಟ್ಟು ಬರ್ತೀನಿ ಅಂತ ಕತ್ರಿ ಕೆಳಗಿಟ್ಟೆ. ಬೇಡಪ್ಪ, ಆಂಬುಲೆನ್ಸ್ ಸೇತುವೆ ದಾಟಿದೆ, ಈಗ ನಾವು ಹೊರಟ್ರೆ ಅವರಿಗೆ ತೊಂದ್ರೆ ಅಂದ್ರು."

"ಆಮೇಲೆ?"

"ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿ ಕೇಳ್ದೆ. ಮೊಬೈಲ್ ಮೇಲೆತ್ತಿ ತೋರ್ಸಿ, ಮಾರ್ಕೆಟ್ ಹತ್ರ ಬಂತು ಅಂದ್ರು. ಆಮೇಲೆ ನನಗೆ ಗಿರಾಕಿ ಬಂದ್ರು." ದರ್ಜಿ ಅಳತೆಯ ಟೇಪನ್ನು ಕೊರಳಿಂದ ತೆಗೆದು ಮುದುರಿದ. "ಅಳತೆ ತಗೊಳ್ತಾ ಒಂದ್ಸಲ ಕಡೆಗಣ್ಣಲ್ಲಿ ನೋಡ್ದೆ. ಕುರ್ಚೀಲಿ ಕೂತಿದ್ರು. ಕಾಯ್ತಿದ್ದಾರೆ ಅಂದ್ಕೊಂಡೆ. ಎತ್ತಿಕೊಂಡು ಹೋಗ್ಬೇಕಿತ್ತಮ್ಮ ನಾನು. ಬೇಡ ಅಂದ್ರೂ ಎತ್ತಿಕೊಂಡು ಹೋಗ್ಬೇಕಿತ್ತು."

ಜೀಪಿನಲ್ಲಿ ಇನ್ಸ್‌ಪೆಕ್ಟರ್ ತಾವೇ ಸ್ಟೀರಿಂಗ್ ಹಿಡಿದರು. ಗಿಯರಿನ ಮೇಲಿದ್ದ ಆಕೆಯ ಕೈ ಬಿಳಚಿಕೊಂಡಿತ್ತು. ದಫೇದಾರರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಆಕೆಗೆ ಸಿಟ್ಟು ಬಂದಿದೆ ಎಂಬುದು ಮಾತ್ರ ತಿಳಿಯಿತು.

ಆಂಬುಲೆನ್ಸ್ ಯಜಮಾನಿ ಸಿಕ್ಕಿದ್ದು ತನ್ನ ಶೆಡ್ಡಿನಲ್ಲಿ, ವ್ಯಾನೊಂದರ ಟೈರು ಬದಲಿಸುವವನಿಗೆ ಬೈಯುತ್ತ. ಗಂಡ ಬಿಟ್ಟುಹೋದ ವ್ಯವಹಾರವನ್ನು ಒಂಟಿಯಾಗಿ ಎತ್ತಿ ನಿಲ್ಲಿಸಿದ ಹೆಂಗಸು. ದನಿ ಬೀದಿಯ ಆಚೆಗೂ ಕೇಳುತ್ತಿತ್ತು.

"ನಮಗೆ ಕರೆ ಬಂದಿಲ್ಲಮ್ಮ. ಬಂದಿದ್ರೆ ನಮ್ಮ ಗಾಡಿ ಯಾವತ್ತೂ ತಡ ಮಾಡಿಲ್ಲ. ಇಡೀ ಊರನ್ನ ಕೇಳಿ."

"ನಿನ್ನೆ ಮಧ್ಯಾಹ್ನ ವಿನ್ಯಾಸದ ಕಚೇರಿಗೆ ಹೋಗಿದ್ರಂತೆ."

"ಹೋಗಿದ್ದೆ. ನನ್ನ ಕಾರು ಕೆಟ್ಟಿತ್ತು, ಆಂಬುಲೆನ್ಸಲ್ಲೇ ಹೋದೆ. ಕೆಳಗೆ ನಿಲ್ಸಿದ್ರೆ ಯಾರಿಗೇನಾಯ್ತು ಅಂತ ಜನ ಸೇರಿಬಿಟ್ರು!" ಆಕೆ ನಕ್ಕಳು. "ವೆಬ್‌ಸೈಟ್ ನೋಡೋಕೆ ಹೋಗಿದ್ದು. ತಯಾರಾಗಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ ಅಂತ ಖಡಾಖಂಡಿತವಾಗಿ ಹೇಳಿದ್ದೆ. ಮುಗಿದಿದೆ ಬನ್ನಿ, ತೋರಿಸ್ತೀನಿ ಅಂದ. ಸುಳ್ಳಲ್ಲ, ಮುಗಿಸಿದ್ದ. ಗೋಡೆ ಮೇಲೆ ಕಣ್ಣಾರೆ ನೋಡ್ದೆ. ವ್ಯಾನು ಒಂದೊಂದೇ ಜಾಗ ದಾಟ್ಕೊಂಡು ತಾನಾಗೇ ಬರ್ತಿತ್ತು. ಅಲ್ಲೇ ಸಹಿ ಹಾಕ್ದೆ."

ಇನ್ಸ್‌ಪೆಕ್ಟರ್ ನೋಡುತ್ತಲೇ ಇದ್ದರು. ಯಜಮಾನಿ ಸೆರಗು ಸರಿಪಡಿಸಿಕೊಂಡಳು.

"ಸ್ವಲ್ಪ ಮರ್ಯಾದೆ ಕಮ್ಮಿ ಅವನಿಗೆ. ನಾನು ಮಾತಾಡ್ತಿದ್ರೆ ಮೇಜಿನ ಕೆಳಗೆ ಮೊಬೈಲ್ ಕುಟ್ತಾನೇ ಇದ್ದ."

ಇನ್ಸ್‌ಪೆಕ್ಟರ್ ಕಣ್ಣು ಕೀಳಲಿಲ್ಲ.

"ಇನ್ನೇನಮ್ಮ ಹೇಳಲಿ? ಪರದೆ ತುಂಬ ಬಣ್ಣಬಣ್ಣ. ಕೆಳಗಡೆ ಮಾತ್ರ ಇದ್ದಕ್ಕಿದ್ದ ಹಾಗೆ ಕಾಟು ಹಾಕಿದ ಬೂದು ಚೌಕ ಬಂದು ಕೂತ್ಕೊಂಡ್ತು. ಇದೇನಪ್ಪ ದೃಷ್ಟಿಬೊಟ್ಟು ಇಟ್ಟ ಹಾಗೆ ಅಂದೆ. ಅಲ್ಲೊಂದು ಚಿತ್ರ ಬರತ್ತೆ ಅಂದ."

ಇನ್ಸ್‌ಪೆಕ್ಟರ್ ಎದ್ದರು. "ನಾಳೆ ಬೆಳಿಗ್ಗೆ ಆ ಕಚೇರಿಗೆ ಒಂದ್ಸಲ ಬರ್ಬೇಕು ನೀವು."

ಮರುದಿನ ಬೆಳಿಗ್ಗೆ ಗಾಜಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಒಂದು ತುದಿಗೆ ಮೇಷ್ಟ್ರ ಮಗಳು. ವಿನ್ಯಾಸದ ಹುಡುಗಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಕುರ್ಚಿಗೆ ತಾನು ಯೋಗ್ಯಳಲ್ಲವೆಂಬಂತೆ. ಯಜಮಾನಿ, ಪ್ರೋಗ್ರಾಂ ಬರೆಯುವವನು, ಬಾಸ್. ದಫೇದಾರರು ಬಾಗಿಲಿಗಡ್ಡ ನಿಂತರು. ಅವರ ಜೇಬಿನಲ್ಲಿ ಹುಡುಗಿಯ ಬಂಧನದ ಕಾಗದ ಸಿದ್ಧವಾಗಿತ್ತು. ಬರೆಯದೆ ಉಳಿದಿದ್ದದ್ದು ಇನ್ಸ್‌ಪೆಕ್ಟರರ ಸಹಿಯೊಂದೇ.

"ಮೇಷ್ಟ್ರ ಮೊಬೈಲಲ್ಲಿ ಕೊನೆಗೆ ಇದ್ದದ್ದು ಯಾವ ಪುಟ ಗೊತ್ತೇನಮ್ಮ?" ಇನ್ಸ್‌ಪೆಕ್ಟರ್ ಹುಡುಗಿಯನ್ನು ಕೇಳಿದರು.

"ವಾಹನ ಹೊರಟಿದೆ."

"ಅಲ್ಲ. ವಾಹನ ನಿಮ್ಮ ಬೀದಿಯ ತಿರುವಿನಲ್ಲಿದೆ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಬೆನ್ನು ಗೋಡೆಯಿಂದ ಬಿಟ್ಟುಕೊಂಡಿತು.

"ಅದು ನಾಲ್ಕನೇ ಪುಟ," ಎಂದಳು ನಿಧಾನವಾಗಿ. "ಅದು ತಾನಾಗಿ ಬರೋಕೆ... ಸಾಧ್ಯಾನೇ ಇಲ್ಲ."

"ಮಧ್ಯದ ಎರಡು ಪುಟ ಯಾವುವು?"

"ಸೇತುವೆ ದಾಟಿದೆ. ಮಾರ್ಕೆಟ್ ಬಳಿ ಇದೆ. ಎಲ್ಲ ಊರಲ್ಲೂ ಇರತ್ತೆ ಅಂತ ಸುಮ್ನೆ ಹಾಕಿದ್ದೆ."

"ದರ್ಜಿಗೆ ಮೇಷ್ಟ್ರು ಹೇಳಿದ್ದೂ ಅದನ್ನೇ. ಅದೇ ಸೇತುವೆ, ಅದೇ ಮಾರ್ಕೆಟ್." ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಕೈಯೂರಿದರು. "ಮೊದಲನೇ ಪುಟವೇ ಉಳಿದಿದ್ರೆ ಮೇಷ್ಟ್ರು ಇನ್ನೂ ಹೊರಟೇ ಇದೆಯಲ್ಲ ಅಂತ ಬೇಸತ್ತು ದರ್ಜಿಯ ಸ್ಕೂಟರ್ ಹತ್ತಿರ್ತಿದ್ರು. ಹತ್ತಲಿಲ್ಲ. ಯಾಕೆ? ವ್ಯಾನು ಹತ್ರ ಬರ್ತಾ ಇತ್ತು. ಯಾರೋ ಒಬ್ರು ಯಂತ್ರವಾಗಿ ಕೂತು, ಪುಟ ತಳ್ತಾ, ಅವರನ್ನ ಕುರ್ಚೀಲಿ ಕೂರಿಸಿದ್ರು."

ಪ್ರೋಗ್ರಾಂ ಬರೆಯುವವನು ಹೆಡ್‌ಫೋನನ್ನು ಕೊರಳಿಂದ ತೆಗೆದ. "ನಾನಲ್ಲ. ದೇವರಾಣೆ ನಾನಲ್ಲ."

"ನೀವಲ್ಲ. ಯಜಮಾನಮ್ಮ, ಮೊನ್ನೆ ಗೋಡೆ ಮೇಲೆ ವ್ಯಾನು ಎಲ್ಲೆಲ್ಲಿ ದಾಟಿ ಬಂತು?"

ಆಂಬುಲೆನ್ಸ್ ಯಜಮಾನಿ ಒಂದೊಂದೇ ಬೆರಳು ಮಡಿಸಿದಳು. "ಸೇತುವೆ... ಮಾರ್ಕೆಟ್ಟು... ಆಮೇಲೆ ತಿರುವು."

"ಒಂದು ಸಾಲೂ ಬರೆಯದ ವೆಬ್‌ಸೈಟಲ್ಲಿ ವ್ಯಾನು ಓಡಿದ್ದು ಹೇಗೆ? ಮೇಜಿನ ಕೆಳಗೆ ಮೊಬೈಲ್ ಕುಟ್ತಿದ್ದವರು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಬಾಸ್ ನಗಲು ನೋಡಿದ. ನಗು ತುಟಿಯ ಒಂದು ಬದಿಗೆ ಮಾತ್ರ ಬಂತು.

"ನೋಡಿ ಮೇಡಂ. ನಾನೇ ಒತ್ತಿ ತೋರಿಸ್ಬೇಕು ಅಂತಿದ್ದೆ. ಅಷ್ಟರಲ್ಲಿ ತಾನಾಗೇ ಶುರುವಾಯ್ತು. ಯಾರೋ ಒತ್ತಿದ್ದಾರೆ, ಒಳ್ಳೇದೇ ಆಯ್ತು ಅಂತ ಪುಟ ತಳ್ದೆ. ಮುದುಕರು ಅಭ್ಯಾಸ ಮಾಡ್ತಿದ್ದಾರೆ ಅಂದ್ಕೊಂಡೆ. ಎಷ್ಟೋ ಸಲ ಎದೆನೋವು ಅಂತ ನಟಿಸಿದ್ದಾರೆ ಅವರು. ಇವಳನ್ನೇ ಕೇಳಿ. ನನಗೆ ಹೇಗೆ ಗೊತ್ತಾಗತ್ತೆ?"

ದಫೇದಾರರಿಗೆ ಇದು ನಿಜವೇ ಅನ್ನಿಸಿತು. ನ್ಯಾಯಾಲಯಕ್ಕೂ ಅನ್ನಿಸಬಹುದು. ಸುಳ್ಳು ಹೇಳಿದ್ದಾನೆ, ಸರಿ. ಆದರೆ ಸುಳ್ಳೇ ಬೇರೆ, ಕೊಲೆಯೇ ಬೇರೆ.

ಇನ್ಸ್‌ಪೆಕ್ಟರ್ ವಾದ ಮಾಡಲಿಲ್ಲ. ಹುಡುಗಿಯ ಕಡೆ ತಿರುಗಿದರು. "ಆ ಮಾದರೀನ ಪರದೆ ಮೇಲೆ ತೆಗಿ. ಮೊನ್ನೆ ಹೇಗಿತ್ತೋ ಹಾಗೇ."

ಪರದೆ ಬೆಳಗಿತು. ಹಸಿರು ಪಟ್ಟಿ, ಬಿಳಿ ವ್ಯಾನು, ದಪ್ಪಕ್ಷರದ ಸಾಲು. ತನ್ನ ಗೆರೆಗಳ ಮೇಲೆ ಬಳಿದ ಬಣ್ಣವನ್ನು ಹುಡುಗಿ ಮೊದಲ ಸಲ ನೋಡಿದಳು. ತುಟಿ ಕಚ್ಚಿಕೊಂಡಳು. ಕೆಳಗಿನ ತನಕ ಪುಟ ಸರಿಸಿದಳು. ಕೈ ನಿಂತಿತು.

"ಇದೇನಿದು? ಇಲ್ಲಿ ಯಾವ ಚಿತ್ರಾನೂ ಇಲ್ವಲ್ಲ. ಇಲ್ಯಾಕೆ ಕಾಟಿನ ಚೌಕ?"

"ಅಲ್ಲಿ ಏನಿರ್ಬೇಕಿತ್ತು?"

"ಬರೆಯೋ ಜಾಗ ಮೇಡಂ. ಒತ್ತಿದವರು ಏನಾದ್ರೂ ಹೇಳೋ ಜಾಗ."

"ಈ ಚೌಕ ಮೊದಲೇ ಇತ್ತೇನ್ರೀ?" ಇನ್ಸ್‌ಪೆಕ್ಟರ್ ಪ್ರೋಗ್ರಾಂ ಬರೆಯುವವನನ್ನು ಕೇಳಿದರು.

"ನಾನು ಬಣ್ಣ ಹಚ್ಚಿದಾಗ ಇರ್ಲಿಲ್ಲ."

"ಯಜಮಾನಮ್ಮನ ಕಣ್ಣೆದುರೇ ಇದ್ದಕ್ಕಿದ್ದ ಹಾಗೆ ಬಂತು. ಮೇಷ್ಟ್ರ ಮೊಬೈಲಲ್ಲೂ ಬಂತು. ಮೊದಲ ದಿನವೇ ನಾನೂ ದಫೇದಾರರೂ ನೋಡಿದ್ವಿ. ಇಬ್ರೂ ಲಕ್ಷ್ಯ ಕೊಡ್ಲಿಲ್ಲ. ಚಿತ್ರ ಬರದ ಜಾಗಕ್ಕೆ ಚಿತ್ರದ ಗುರುತು ಯಾಕೆ ಬಂತು? ಮುಚ್ಚೋಕೆ. ಆತುರದಲ್ಲಿ ಕೈಗೆ ಸಿಕ್ಕಿದ್ದು ಇವರ ಕೆಲಸದಲ್ಲಿ ದಿನಾ ಬಳಸೋ ಚೌಕ. ಒಂದು ತಟ್ಟು ತಟ್ಟಿದ್ರೆ ಬಂದು ಕೂರತ್ತೆ. ಅದರ ಕೆಳಗಿದ್ದದ್ದನ್ನ ಅಳಿಸೋಕೆ ಪುರಸೊತ್ತಿರ್ಲಿಲ್ಲ. ಆಮೇಲೆ ನೆನಪೂ ಆಗ್ಲಿಲ್ಲ." ಆಕೆ ಹುಡುಗಿಗೆ ತಲೆಯಾಡಿಸಿದರು. "ಅದನ್ನ ಪಕ್ಕಕ್ಕೆ ಸರಿಸಮ್ಮ."

"ಬೇಡ," ಎಂದ ಬಾಸ್. ದನಿಯ ಬೆಣ್ಣೆ ಕರಗಿಹೋಗಿತ್ತು. "ಅದು ಹಾಗೇ ಇರ್ಲಿ."

ಹುಡುಗಿ ಚೌಕವನ್ನು ಹಿಡಿದು ಎಳೆದಳು. ಅದು ಮೇಜಿನ ಮೇಲಿನ ಹಾಳೆ ಜಾರಿದಂತೆ ಸದ್ದಿಲ್ಲದೆ ಜಾರಿತು.

ಮೇಷ್ಟ್ರ ಮಗಳು ಎದ್ದು ಪರದೆಯ ಹತ್ತಿರ ಹೋದಳು. ಚೌಕದ ಅಡಿಯಲ್ಲಿ ಅಪ್ಪ ಬರೆದಿದ್ದ ಮಾತನ್ನು ಗಟ್ಟಿಯಾಗಿ ಓದಿದಳು. ಮೊದಲ ದಿನದಿಂದ ಗಟ್ಟಿಯಾಗಿದ್ದ ದನಿ ಎರಡನೇ ಸಾಲಿಗೆ ಒಡೆಯಿತು.

*ಮಗು, ಇವತ್ತು ಅಭ್ಯಾಸವಲ್ಲ. ನಿಜವಾಗಿಯೂ ಎದೆ ನೋಯುತ್ತಿದೆ. ಅಭ್ಯಾಸವೆಂದು ತಿಳಿಯಬೇಡಿ. ದಯವಿಟ್ಟು ಬೇಗ ಕಳಿಸಿ.*

ಕೆಳಗಿನ ಬೀದಿಯಲ್ಲಿ ಯಾವುದೋ ಗಾಡಿಯ ಹಾರ್ನು ಕೇಳಿಸಿತು.

"ಓದಿದ್ರಿ," ಎಂದರು ಇನ್ಸ್‌ಪೆಕ್ಟರ್. "ಓದಿದ ಮೇಲೇ ಮುಚ್ಚಿದ್ರಿ. ಮುಚ್ಚಿದ ಮೇಲೂ ಪುಟ ತಳ್ಳಿದ್ರಿ."

ಬಾಸ್‌ನ ಕಣ್ಣು ಮೇಜಿನ ಮೇಲಿತ್ತು. ಇನ್ಸ್‌ಪೆಕ್ಟರ್ ಎಂದಿನಂತೆ ಕಾದರು.

"ಅಭ್ಯಾಸ ಅನ್ನೋ ಮಾತು ಯಜಮಾನಮ್ಮನ ಕಣ್ಣಿಗೆ ಬಿದ್ರೆ ಇದು ಬರೀ ಮಾದರಿ ಅಂತ ಗೊತ್ತಾಗ್ತಿತ್ತು," ಎಂದ. "ನಿಲ್ಲಿಸಿದ್ರೂ ಗೊತ್ತಾಗ್ತಿತ್ತು. ಸಹಿ ಆಗ್ಲಿ, ಆದ ಕೂಡ್ಲೇ ಯಾರನ್ನಾದ್ರೂ ಕಳಿಸೋಣ ಅಂದ್ಕೊಂಡೆ. ಎಷ್ಟು ಹೊತ್ತು ಮಹಾ, ಅಂದ್ಕೊಂಡೆ."

"ಯಾರನ್ನಾದ್ರೂ?" ಯಜಮಾನಿ ಎದ್ದು ನಿಂತಿದ್ದಳು. "ನಾನು ನಿನ್ನ ಎದುರಿಗೇ ಕೂತಿದ್ದೆನಲ್ಲೋ! ನನ್ನ ಗಾಡಿ ಕೆಳಗಡೇನೇ ನಿಂತಿತ್ತು. ಡ್ರೈವರ್ ಸೀಟಲ್ಲಿ ಕೂತು ಪೇಪರ್ ಓದ್ತಿದ್ದ. ಆಕ್ಸಿಜನ್ ಸಿಲಿಂಡರ್ ತುಂಬಿತ್ತು. ಒಂದು ಮಾತು — ಒಂದೇ ಒಂದು ಮಾತು ಆಡಿದ್ರೆ..."

ಅವಳು ಬಾಸ್‌ಗೆ ಬೆನ್ನು ತಿರುಗಿಸಿದಳು.

ದಫೇದಾರರು ಜೇಬಿನಿಂದ ಕಾಗದ ತೆಗೆದು, ಹುಡುಗಿಯ ಹೆಸರಿದ್ದ ಜಾಗದಲ್ಲಿ ಒಂದೇ ಹೊಡೆತಕ್ಕೆ ಗೆರೆ ಎಳೆದರು. ಬಾಸ್‌ನ ತೋಳು ಹಿಡಿದರು. ಹಿಡಿಯುವಾಗ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಿಗಿ ಹಿಡಿದರೆಂದು ಅವರಿಗೂ ಗೊತ್ತಿತ್ತು, ಕೈ ಸಡಿಲಿಸಲಿಲ್ಲ.

ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. "ನನಗೆ ಬರ್ದಿದ್ರು," ಎಂದಳು. "ಈ ಕಡೆ ನಾನೇ ಕೂತಿರ್ತೀನಿ ಅಂದ್ಕೊಂಡಿದ್ರು."

ಮೇಷ್ಟ್ರ ಮಗಳು ಬಂದು ಅವಳ ಪಕ್ಕ ನಿಂತಳು. ಕ್ಷಮಿಸಿದೆ ಎನ್ನಲಿಲ್ಲ, ಮುಟ್ಟಲೂ ಇಲ್ಲ. ಆದರೆ ಪಕ್ಕದಲ್ಲೇ ನಿಂತಳು.

"ಇದಾದ್ಮೇಲೆ ಇನ್ನೂ ಪುಟ ಇದ್ಯಾ?" ಎಂದು ಕೇಳಿದಳು.

ಹುಡುಗಿ ಹೌದೆಂದಳು. ಒಂದಿದೆ. ಕೊನೆಯದು. ಅವಳು ಅದನ್ನು ತೆಗೆದಳು. ಹಸಿರು ಪಟ್ಟಿಯ ಕೆಳಗೆ ಹೊಸ ಸಾಲು ಮೂಡಿತು: *ವಾಹನ ನಿಮ್ಮ ಬಾಗಿಲಲ್ಲಿದೆ.*

ಮಗಳು ಅದನ್ನು ಓದಿ, ದಫೇದಾರರ ಹಿಡಿತದಲ್ಲಿದ್ದವನ ಕಡೆ ತಿರುಗಿದಳು. "ಇದನ್ಯಾಕೆ ಕಳಿಸ್ಲಿಲ್ಲ? ಅಪ್ಪ ತಿರುವಿನಲ್ಲಿದೆ ಅಂತಾನೇ ನೋಡ್ತಾ ಹೋದ್ರಲ್ಲ. ಇದೊಂದನ್ನ ಯಾಕೆ ಬಿಟ್ರಿ?"

ಅವನು ಪರದೆಯಿಂದ ಮುಖ ತಿರುಗಿಸಿದ. ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು, "ಈಗ ಮಾತಾಡ್ಬಹುದು," ಎಂದರು.

"ಅಷ್ಟೊತ್ತಿಗೆ ಸಹಿ ಆಗಿತ್ತು," ಎಂದ ಅವನು.